ಪೆಟ್ಟಿಗೆಯಮ್ಮನ ಗುಡಿ

ಕೊಂಡೇನಹಳ್ಳಿಯ ಕೆರೆ ಏರಿಯ ಮೇಲೆ ನಡೆದು ತೂಬು ದಾಟಿದರೆ, ಹುಣಸೆ ತೋಪಿನ ಪಕ್ಕದಲ್ಲಿ ಒಂದು ಕಲ್ಲುಗುಡಿ ಕಾಣುತ್ತದೆ. ಅದೇ ಪೆಟ್ಟಿಗೆಯಮ್ಮನ ಗುಡಿ. ಹೊಸಬರು ಒಳಗೆ ಇಣುಕಿ ಬೆಪ್ಪಾಗುತ್ತಾರೆ. ವಿಗ್ರಹವಿಲ್ಲ, ಗಂಟೆಯಿಲ್ಲ, ಕಲ್ಲುಗಳ ಮೇಲೆ ಒಂದು ಹಳೆಯ ತಗಡಿನ ಪೆಟ್ಟಿಗೆ, ಅದರ ಮುಚ್ಚಳದ ಮೇಲೆ ಒಣ ಕುಂಕುಮ, ಅಷ್ಟೇ. ದೀಪ ಹಚ್ಚುವುದು ಹೊರಗೆ, ಚಪ್ಪಡಿಯ ಮರೆಯಲ್ಲಿ. ಎಣ್ಣೆ ತಂದವರನ್ನು ಹೊಸ್ತಿಲಲ್ಲೇ ತಡೆಯುತ್ತಾರೆ. "ಇದೆಂಥ ದೇವರಪ್ಪಾ, ಒಂದು ತೊಟ್ಟು ಎಣ್ಣೆ ಒಲ್ಲದ್ದು!" ಎಂದು ಮೂಗು ಮುರಿಯುವವರೂ ಉಂಟು. ಅಂಥವರಿಗೆ ಊರ ಹಿರಿಯರು ಮೊದಲು ಜಗಲಿ ತೋರಿಸಿ ಕೂರಿಸುತ್ತಾರೆ, ಆಮೇಲೆ ತಿರುಮಲಕ್ಕನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಮೂಡಲ ಬಯಲಿನ ಚಿನ್ನದ ಗಣಿ ಭರದಿಂದ ನಡೆಯುತ್ತಿದ್ದ ಕಾಲದಲ್ಲಿ, ಅಳತೆಯ ಕೆಲಸಕ್ಕೆಂದು ಐವರ್ ಪ್ರೋಸರ್ ಎಂಬ ದೊರೆ ಬಂದಿದ್ದನಂತೆ. ವೇಲ್ಸ್ ಎಂಬ ಗುಡ್ಡಗಾಡು ಸೀಮೆಯವನು. ಅಲ್ಲಿ ತನ್ನೂರಿನ ಹಳ್ಳಕೊಳ್ಳಗಳ ಚರಿತ್ರೆಯನ್ನೆಲ್ಲ ಕೆದಕಿ ಬರೆದಿಟ್ಟವನು. ಇಲ್ಲಿಗೆ ಬಂದರೂ ಆ ಚಾಳಿ ಬಿಡಲಿಲ್ಲ. ರಜೆ ಸಿಕ್ಕಿತೆಂದರೆ ಕುದುರೆ ಏರಿ ಹಳ್ಳಿಗೆ ಬರುವನು. ಈ ಬಂಡೆಗೆ ಈ ಹೆಸರೇಕೆ, ಆ ಗದ್ದೆಗೆ ಆ ಹೆಸರೇಕೆ ಎಂದು ಕೇಳುವನು. ಜನ ಅವನನ್ನು 'ಹೆಸರು ಕೇಳೋ ದೊರೆ' ಎಂದೇ ಕರೆದರು. ನಮ್ಮ ವೇಲ್ಸಿನ ಹೆಸರುಗಳನ್ನು ಪರರು ಬಾಯಿಗೆ ಬಂದಂತೆ ತಿರುಚಿದರು, ನಿಮ್ಮವಾದರೂ ನಿಮ್ಮ ಬಾಯಲ್ಲಿದ್ದಂತೆಯೇ ಉಳಿಯಲಿ ಎಂದು ಅವನು ಕನ್ನಡದ ಅಕ್ಷರ ಕಲಿತು, ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳುತ್ತಿದ್ದನಂತೆ. ಅವನಿಗೆ ಹೆಚ್ಚು ಹೇಳಿದವನು ತಿರುಮಲಕ್ಕನ ಗಂಡ, ನೀರುಗಂಟಿ ಮುನಿವೆಂಕಟ. ಕೆರೆಯ ನೀರನ್ನು ಗದ್ದೆಗದ್ದೆಗೂ ಹಾಯಿಸುವ ನೀರುಗಂಟಿಗೆ ಹೆಸರು ತಿಳಿಯದ ಬದು ಯಾವುದಿದ್ದೀತು? ಅತ್ತಿಗೆಗದ್ದೆ, ಮುನಿಸಿನ ಕಾಲುವೆ, ಗುಬ್ಬಿ ಮಡುವು ಎನ್ನುತ್ತ ತೂಬಿನ ಮೇಲೆ ಕುಳಿತು ಹೇಳಿದ್ದೇ ಹೇಳಿದ್ದು. ಮನೆಯಲ್ಲಿ ತಿರುಮಲಕ್ಕ ಮುದ್ದೆ ಮಾಡಿಟ್ಟು ದಾರಿ ನೋಡಿ, ಕೊನೆಗೆ ಅವನು ಬಂದಾಗ ಚೆನ್ನಾಗಿ ಬಯ್ದು ಉಣ್ಣಲಿಕ್ಕುತ್ತಿದ್ದಳು.

ಒಂದು ಮಳೆಗಾಲದಲ್ಲಿ ಮುನಿವೆಂಕಟ ಜ್ವರ ಬಂದು ತೀರಿಕೊಂಡ. ಅದೇ ವರ್ಷ ದೊರೆಯೂ ತನ್ನ ದೇಶಕ್ಕೆ ಹೊರಟುನಿಂತ. ಹೊರಡುವ ಮುನ್ನ, ತಾನು ಬರೆದ ಕಾಗದಗಳನ್ನೆಲ್ಲ ತುಂಬಿದ ಈ ಪೆಟ್ಟಿಗೆಯನ್ನು ತಿರುಮಲಕ್ಕನ ಪಡಸಾಲೆಯಲ್ಲಿ ಇಳಿಸಿ, "ಇವು ಈ ಊರಿನವು, ತಾಯಿ. ನಾನು ಕೊಂಡೊಯ್ಯಬಾರದು. ಮುನಿವೆಂಕಟನ ಮಾತೇ ಇದರಲ್ಲಿ ಹೆಚ್ಚು. ಓದಬಲ್ಲವರು ಸಿಕ್ಕಾಗ ಓದಿಸಿ ಕೇಳಿ" ಎಂದನಂತೆ. ಓದಬಲ್ಲವರು ಆಗ ಊರಲ್ಲಿ ಇರಲಿಲ್ಲ. ಇದ್ದಿದ್ದರೂ ಕೇಳುವ ಗಟ್ಟಿ ಎದೆ ಅವಳಿಗೆ ಆಗ ಇರಲಿಲ್ಲ. ಅಷ್ಟರಲ್ಲಿ, ಗಣಿಯ ದೊರೆ ಚಿನ್ನ ತುಂಬಿದ ಪೆಟ್ಟಿಗೆ ಬಿಟ್ಟು ಹೋಗಿದ್ದಾನೆ ಎಂಬ ಗಾಳಿಮಾತು ಊರಿಂದೂರಿಗೆ ಹಬ್ಬಿತು. ಒಂದು ದಿನ ಹೊಲದಿಂದ ಬಂದು ನೋಡುತ್ತಾಳೆ, ಪೆಟ್ಟಿಗೆಯ ಬೀಗದ ಕೊಂಡಿಯನ್ನು ಯಾರೋ ಮೀಟಿದ್ದಾರೆ! ಒಡೆದರೆ ಕಾಗದ ಕಂಡು ಸಿಟ್ಟಿನಲ್ಲಿ ಒಲೆಗೆ ಹಾಕಿಯಾರು, ಗಂಡನ ಮಾತು ಬೂದಿಯಾದೀತು ಎಂದುಕೊಂಡಳು. ಕೂಡಲೇ ಪೆಟ್ಟಿಗೆಯನ್ನು ತೋಪಿನ ಪಕ್ಕದ ಪಾಳುಗುಡಿಗೆ ಹೊರಿಸಿ, ಕಲ್ಲು ಜೋಡಿಸಿ ಅದರ ಮೇಲಿಟ್ಟು, ಕುಂಕುಮ ಹಚ್ಚಿ, ಎಣ್ಣೆಯ ದೀಪವಿಟ್ಟು, "ಇದರಲ್ಲಿ ಅಮ್ಮ ಬಂದು ಕೂತವಳೆ. ಮುಟ್ಟಿದವರ ಕೈ ಸೇದಿಹೋಗ್ತದೆ" ಎಂದುಬಿಟ್ಟಳು.

ಕಳ್ಳರೇನೋ ದೂರವಾದರು, ಆದರೆ ಭಕ್ತರು ಹತ್ತಿರವಾದರು. ಆ ಸಲ ಕೆರೆ ಕೋಡಿ ಬಿತ್ತು. ಅಮ್ಮನ ಮಹಿಮೆ ಎಂದರು. ಬಂಜೆಗೆ ಮಗುವಾಯಿತು, ಅಮ್ಮನ ಕೃಪೆ ಎಂದರು. ಹರಕೆ ಹೊತ್ತವರು ಮುಚ್ಚಳದ ಮೇಲೆ ಎಣ್ಣೆ ಸುರಿದರು, ಅರಿಶಿನದ ನೀರು ಚೆಲ್ಲಿದರು, ಬೆಲ್ಲವಿಟ್ಟರು, ಬೆಲ್ಲಕ್ಕೆ ಇರುವೆ ಬಂತು. ವರ್ಷಗಳು ಉರುಳಿದವು. ಊರಿಗೆ ಶಾಲೆ ಬಂತು, ವೀರಭದ್ರ ಮೇಷ್ಟ್ರು ಬಂದರು. ಮಕ್ಕಳ ಓದು ಕಿವಿಗೆ ಬಿದ್ದ ದಿನ ತಿರುಮಲಕ್ಕ ಗಂಡನ ಮಾತನ್ನು ನೆನೆಯಲು ನೋಡಿದಳು. ಅವನ ಮುಖ ಬಂತು, ಮಾತು ಬರಲಿಲ್ಲ. ಅವನು ಹೇಗೆ ಮಾತಾಡುತ್ತಿದ್ದ ಎಂಬುದೇ ಮರೆತುಹೋಗಿತ್ತು. ಮುದುಕಿ ಗಾಬರಿಯಾದಳು. ಸತ್ತವನನ್ನು ಎರಡನೇ ಸಲ ಕಳೆದುಕೊಂಡಷ್ಟು ದುಃಖವಾಯಿತು. ಓಡಿಹೋಗಿ ಪಟೇಲ ಪಿಳ್ಳಪ್ಪನ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಅಮ್ಮನೂ ಇಲ್ಲ ಗಿಮ್ಮನೂ ಇಲ್ಲ, ಅವು ಕಾಗದ, ತೆಗೆದು ಓದಿಸಿ. ಪಿಳ್ಳಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. "ತಿರುಮಲಕ್ಕಾ, ನಿಂಗೆ ಅರಳುಮರಳು. ಅಮ್ಮನ್ನ ಎಬ್ಬಿಸಿ ಊರು ಹಾಳುಮಾಡ್ತೀಯಾ?" ಎಂದು ಗದರಿ ಕಳಿಸಿದ. ಸುಳ್ಳನ್ನು ಒಂದೇ ಮಾತಿಗೆ ನಂಬಿದ ಊರು ನಿಜವನ್ನು ಎಷ್ಟು ಹೇಳಿದರೂ ನಂಬಲಿಲ್ಲ.

ಆಗ ಅವಳು ಊರು ನಂಬುವ ದಾರಿಯನ್ನೇ ಹಿಡಿದಳು. ಅಮ್ಮನ ಹತ್ತಿರ ಹೂವು ಕೇಳೋಣ, ಅವಳೇ ಹೇಳಲಿ ಎಂದಳು. ಒದ್ದೆ ಹೂವನ್ನು ದೇವರಿಗೆ ಅಂಟಿಸಿ, ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ ಎನ್ನುವುದು ಈ ಕಡೆಯ ವಾಡಿಕೆ; ಅದಕ್ಕೆ ಇಲ್ಲವೆನ್ನಲು ಪಟೇಲನಿಗೂ ಬಾಯಿಲ್ಲ. ಊರೆಲ್ಲ ನೆರೆದು ನಿಂತಿತು. ಮುಚ್ಚಳದ ನಡುವೆ ಇಟ್ಟ ಹೂವು ಎಣ್ಣೆಯ ಮೇಲೆ ಮೆಲ್ಲಗೆ ಜಾರಿ ಬಲಕ್ಕೆ ಬಿತ್ತು. ಅಮ್ಮನೇ ಕೊಟ್ಟಳು ಎನ್ನುತ್ತಾರೆ. ಬಲಗಡೆಯ ಕಲ್ಲು ಒಂದಿಷ್ಟು ತಗ್ಗು, ಆ ಕಲ್ಲು ಜೋಡಿಸಿದವಳು ತಿರುಮಲಕ್ಕನೇ ಅಲ್ಲವೇ ಎಂದು ನಗುವವರೂ ಇದ್ದಾರೆ.

ಪೆಟ್ಟಿಗೆ ತೆರೆದರು. ತಳದ ಕಾಗದಗಳು ಚೆನ್ನಾಗಿದ್ದವು, ಊರಿನ ಮುದುಕರು ಹೇಳಿದ್ದೆಲ್ಲ ಹಾಗೆಯೇ ಇತ್ತು. ಮೇಲಿದ್ದವು ಮುನಿವೆಂಕಟನವು, ಅವನ್ನು ದೊರೆ ಅಕ್ಕರೆಯಿಂದ ಕೊನೆಗೆ ಇಟ್ಟಿದ್ದ. ಎಣ್ಣೆ ಇಳಿದು ಅವು ಒಂದಕ್ಕೊಂದು ಮೆತ್ತಿಕೊಂಡಿದ್ದವು. ಹಿಂದಿನ ಅಕ್ಷರ ಮುಂದಕ್ಕೆ ಮೂಡಿ, ಎರಡೂ ಕಲಸಿಹೋಗಿದ್ದವು. ಮೇಷ್ಟ್ರು ಬಿಸಿಲಿಗೆ ಹಿಡಿದು ನೋಡಿದರು, ತಲೆ ಅಲ್ಲಾಡಿಸಿದರು. ಮೊದಲ ದೀಪವಿಟ್ಟವಳು ತಾನೇ ಎಂದು ತಿರುಮಲಕ್ಕ ಹಣೆ ಚಚ್ಚಿಕೊಂಡಳು. ಕಡೆಯ ಹಾಳೆಯ ಕೆಳಗಡೆ ಮಾತ್ರ ಒಂದು ಸಾಲು ಉಳಿದಿತ್ತು. ಮೇಷ್ಟ್ರು ತಡವರಿಸುತ್ತ ಓದಿದರು: "ಇಲ್ಲಿಗೆ ಸಾಕು ದೊರೆ. ಮುದ್ದೆ ಆರೋಯ್ತದೆ, ನಮ್ಮೋಳು ಬಯ್ತಾಳೆ."

ತಿರುಮಲಕ್ಕ ಆ ಹಾಳೆಯ ಹತ್ತಿರಕ್ಕೆ ಸರಿದಳು. "ಬಯ್ತಿದ್ದೆ ಕಣಪ್ಪಾ, ಬಯ್ತಿದ್ದೆ," ಎಂದು ನಕ್ಕಳು, ನಗುತ್ತಲೇ ಅತ್ತಳು. ಮತ್ತೆ ಮತ್ತೆ ಓದಿಸಿದಳು. ಅವನ ಮಾತು ಬಂದಿತ್ತು.

ಅಂದಿನಿಂದ ಗುಡಿಯೊಳಗೆ ಎಣ್ಣೆಯಿಲ್ಲ, ನೀರಿಲ್ಲ, ಬೆಲ್ಲವಿಲ್ಲ. ಸೋಮವಾರ ಸಂಜೆ ಪೆಟ್ಟಿಗೆ ತೆರೆದು ಒಂದು ಹಾಳೆ ಓದುತ್ತಾರೆ. ಆ ಅಮ್ಮನಿಗೆ ಅದೇ ಪೂಜೆ. ಎಣ್ಣೆ ಕುಡಿದ ಹಾಳೆಗಳೂ ಅಲ್ಲೇ ಇವೆ, ಕೇಳಿದವರಿಗೆ ತೋರಿಸುತ್ತಾರೆ. ಓದು ಮುಗಿದಾಗ ಮಂಗಳಾರತಿಯಿಲ್ಲ. ಓದಿದವರು ಯಾರೇ ಆಗಲಿ, ಶಾಲೆಯ ಹುಡುಗಿಯಾಗಲಿ, ಇನ್ನೂ ಮದುವೆಯಾಗದ ಗಂಡಾಗಲಿ, ಹಾಳೆ ಮಡಿಸುತ್ತ, "ಇಲ್ಲಿಗೆ ಸಾಕು ದೊರೆ. ಮುದ್ದೆ ಆರೋಯ್ತದೆ, ನಮ್ಮೋಳು ಬಯ್ತಾಳೆ" ಎನ್ನಬೇಕು. ಆಮೇಲೆ ಎಲ್ಲರೂ ಎದ್ದು ಊಟಕ್ಕೆ ಮನೆಗೆ ಹೋಗುತ್ತಾರೆ.