ಹಿಡಿತ ಬಿಟ್ಟ ಗ್ಯಾಸ್ಕೆಟ್

ಹೇಮರಾಜನೆಂಬವನು ತನ್ನ ರೇಸ್ ಕಾರಿನ ಎಂಜಿನ್ನಿಗೆ, ಗಾಳಿ ತುರುಕಿ ಶಕ್ತಿ ಹೆಚ್ಚಿಸುವ ದೊಡ್ಡದೊಂದು ಟರ್ಬೋ ಹಾಕಿಸಿದ. ಎಂಜಿನ್ನಿನೊಳಗಿನ ಒತ್ತಡ ಹೊರಗೆ ಸೋರದಂತೆ ತಡೆಯುತ್ತಿದ್ದ ತೆಳ್ಳನೆಯ ಗ್ಯಾಸ್ಕೆಟ್ಟಿಗೆ ಅಂದಿನಿಂದ ನೆಮ್ಮದಿಯಿಲ್ಲ.

"ಟರ್ಬೋ ಅವರೇ, ಇಷ್ಟೊಂದು ಗಾಳಿ ತುಂಬಬೇಡಿ. ನಾವು ಮೊದಲಿನ ಒತ್ತಡಕ್ಕೆ ತಕ್ಕಂತೆ ತಯಾರಾದವರು," ಎಂದು ಅದು ಬೇಡಿಕೊಂಡಿತು.

"ನೀನು ಪುಕ್ಕಲು. ಪಿಸ್ಟನ್ ಏನಾದರೂ ದೂರಿತೇ?" ಎಂದಿತು ಟರ್ಬೋ.

"ನನಗೇನೂ ಆಗಿಲ್ಲ," ಎಂದಿತು ಪಿಸ್ಟನ್. ಅದರ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದನ್ನು ಗ್ಯಾಸ್ಕೆಟ್ ಮಾತ್ರ ಕಂಡಿತ್ತು.

ರೇಸಿನ ದಿನ ಹೇಮರಾಜ ಆಕ್ಸಿಲರೇಟರನ್ನು ಪೂರ್ತಿ ಒತ್ತಿದ. ಸುತ್ತು ಸುತ್ತಿಗೂ ಬಿರುಕು ಅಗಲವಾಗತೊಡಗಿತು. ಪಿಸ್ಟನ್ ಒಡೆದರೆ ಚೂರುಗಳು ಎಂಜಿನ್ನನ್ನೇ ಸೀಳುತ್ತವೆ; ಈ ವೇಗದಲ್ಲಿ ಕಾರು ಪಲ್ಟಿಯಾದರೆ ಹೇಮರಾಜನೂ ಉಳಿಯುವುದಿಲ್ಲ. ಗ್ಯಾಸ್ಕೆಟ್ಟಿನ ಜೀವ ಬಾಯಿಗೆ ಬಂತು.

"ಇನ್ನೊಂದೇ ಸುತ್ತು, ತಡೆದುಕೋ!" ಎಂದು ಟರ್ಬೋ ಅಬ್ಬರಿಸಿತು.

ಗ್ಯಾಸ್ಕೆಟ್ ತಡೆದುಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಸಡಿಲಿಸದ ಹಿಡಿತವನ್ನು ಬಿಟ್ಟು, ಹರಿದುಹೋಯಿತು. ಒತ್ತಡವೆಲ್ಲ ಹೊರಗೆ ಸೋರಿ, ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಹೇಮರಾಜ ಬೆದರಿ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಇಸ್ಮಾಯಿಲ್ ಎಂಜಿನ್ ಬಿಚ್ಚಿ, ಹರಿದ ಗ್ಯಾಸ್ಕೆಟ್ಟನ್ನು ಮೇಜಿನ ಮೇಲಿಟ್ಟರು.

"ಈ ದರಿದ್ರದ ತಗಡಿನಿಂದ ಗೆಲ್ಲುವ ರೇಸ್ ಕಳಕೊಂಡೆ ಭಾಯ್," ಎಂದು ಹೇಮರಾಜ ಸಿಡುಕಿದ.

ಇಸ್ಮಾಯಿಲ್ ಪಿಸ್ಟನ್ನನ್ನು ಹೊರತೆಗೆದು ಅವನ ಅಂಗೈ ಮೇಲಿಟ್ಟರು. ಅದು ಅಲ್ಲೇ ಎರಡು ಹೋಳಾಯಿತು.

ಹೇಮರಾಜ ಹೋಳುಗಳನ್ನು ಹರಿದ ಗ್ಯಾಸ್ಕೆಟ್ಟಿನ ಪಕ್ಕದಲ್ಲಿಟ್ಟು, "ಟರ್ಬೋ ಬಿಚ್ಚಿಬಿಡಿ ಭಾಯ್," ಎಂದ.