ಗವಿಯಪ್ಪ ಬಂಗಾರಕ್ಕೆ ನೀರು ಹೊಯ್ದದ್ದು

ಬಾಗಿಲು ಮುಂದಕ್ಕೆ ತಳ್ಳಿ, ಹತ್ತಿರ ಬನ್ನಿ. ಮೆಲ್ಲಗೆ! ಈ ಮಾತು ಹೊಸಿಲು ದಾಟಬಾರದು. ನಾನು ಹೇಳಿಲ್ಲ, ನೀವು ಕೇಳಿಲ್ಲ.

ಚೆನ್ನಾಜಮ್ಮನಿಗೆ ಒಬ್ಬ ಮಗ, ಗವಿಯಪ್ಪ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ತೊಟ್ಟಿಲಲ್ಲೇ ಮಲಗಿತ್ತು. "ಇವನನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕ!" ಅಂತ ಅವಳು ದಿನಾ ಹಣೆ ಚಚ್ಚಿಕೊಳ್ಳೋಳು. ಮಗಳ ಮದುವೆ ಚಿಂತೆ ಬೇರೆ. ಬೀಗರು ಎರಡು ಜೊತೆ ಚಿನ್ನದ ಬಳೆ ಕೇಳಿ ಕೂತಿದ್ದರು, ಇದ್ದದ್ದು ಒಂದೇ ಜೊತೆ.

ಆ ಹೊತ್ತಿಗೆ ಊರ ಸಾಹುಕಾರರು ಕಾಶಿಗೆ ಹೋದರು. ಹೋದದ್ದೇ ತಡ, ಅವರ ಅಡುಗೆ ಶೀನ ಎಲ್ಲಿಂದಲೋ ಒಬ್ಬ ಜಟಾಧಾರಿ ಸ್ವಾಮಿಯನ್ನು ತಂದು ಖಾಲಿ ಮನೆಯಲ್ಲಿ ಕೂರಿಸಿದ. ಸ್ವಾಮಿಗೆ ಮೌನವ್ರತ, ಮಾತೆಲ್ಲ ಶೀನನದು. "ಒಡವೆ ಮಡಕೆಯಲ್ಲಿಟ್ಟು ಮಂತ್ರ ಹಾಕಿ ಬೇಯಿಸಿದರೆ ಒಂದು ಎರಡಾಗುತ್ತೆ, ತಾಯಂದಿರಾ!"

ಬೀದಿಯ ಹೆಂಗಸರೆಲ್ಲ ಸೆರಗಲ್ಲಿ ಒಡವೆ ಮುಚ್ಚಿಕೊಂಡು ಓಡಿದರು. ಚೆನ್ನಾಜಮ್ಮನೂ ಬಳೆ ಕೊಟ್ಟು ಬಂದಳು.

ಹೋಮಕ್ಕೆ ತುಪ್ಪ ಬೇಕೆಂದರು. ಗವಿಯಪ್ಪ ಒಯ್ದ. ಬಾಗಿಲು ಹಾಕಿತ್ತು, ಮೆಟ್ಟಿಲ ಮೇಲಿಟ್ಟು ಬಂದ. ನಾಯಿ ನೆಕ್ಕಿತು.

"ಅಯ್ಯೋ ಮುಠ್ಠಾಳ! ಕೊಡೋದನ್ನ ಕೈಗೇ ಕೊಡಬೇಕು ಕಣೋ!"

"ಆಗಲಮ್ಮ."

ಮಾರನೇ ದಿನ ಕೆಂಡ ಬೇಕೆಂದರು. ಗವಿಯಪ್ಪ ಓಡಿನಲ್ಲಿ ಒಯ್ದ, ಸ್ವಾಮಿಯ ಅಂಗೈ ಮೇಲೇ ಸುರಿದ! ಮೌನವ್ರತದ ಸ್ವಾಮಿ "ಅಯ್ಯಯ್ಯಪ್ಪೋ!" ಅಂತ ಕುಣಿದ. ಆಮೇಲೆ ಇನ್ನೊಂದು ಮಾತೂ ಅಂದ, ಅದು ಸಂಸ್ಕೃತವಂತೂ ಅಲ್ಲ.

"ನಿನ್ನ ಬುದ್ಧಿಗೆ ಮಣ್ಣು ಹಾಕ! ಬಿಸಿ ಇದ್ದರೆ ಮೊದಲು ನೀರು ಹೊಯ್ದು ಆರಿಸಬೇಕು ಕಣೋ!"

"ಆಗಲಮ್ಮ."

ಮರುದಿನ ಹೂವು ಕೊಟ್ಟು ಕಳಿಸಿದಳು. ಹೆಂಗಸರೆಲ್ಲ ಮಡಕೆ ಸುತ್ತ ಕೈಮುಗಿದು ಕೂತಿದ್ದರು. ಒಲೆ ಧಗಧಗ, ಮಡಕೆ ಕೆಂಪಗೆ. ಗವಿಯಪ್ಪ ನೋಡಿದ. ಬಿಸಿ! ಬಾವಿಗೆ ಓಡಿದ, ಕೊಡ ತುಂಬ ನೀರು ತಂದು ಧೊಪ್ಪನೆ ಹೊಯ್ದ. ಮಡಕೆ ಫಟ್! ಒಳಗೆ ನೋಡಿದರೆ ಬರೀ ಜಲ್ಲಿಕಲ್ಲು!

ಶೀನ ಹಿತ್ತಲ ಗೋಡೆ ಹಾರಿದ. ಸ್ವಾಮಿ ಹೊಗೆಯಲ್ಲಿ ಕಣ್ಣು ಕಾಣದೆ ಬಾಗಿಲ ಚೌಕಟ್ಟಿಗೆ ಬಡಿದುಕೊಂಡ. ಜಟೆ ಕಳಚಿ ಬಿತ್ತು. ಅದರೊಳಗಿಂದ ಓಲೆ, ಉಂಗುರ, ಚೆನ್ನಾಜಮ್ಮನ ಬಳೆ ಎಲ್ಲಾ ಗಲಗಲ!

ಸುದ್ದಿ ಕೇಳಿ ಬಂದ ಚೆನ್ನಾಜಮ್ಮ ಬಳೆ ಕಣ್ಣಿಗೊತ್ತಿಕೊಂಡಳು. ಎದೆಯ ಮೇಲಿನ ಕಲ್ಲು ಇಳಿಯಿತು. ಅವತ್ತೊಂದು ದಿನ ಮಗನನ್ನು ಬೈಯಲಿಲ್ಲ, ತಲೆ ಸವರಿದಳು. "ನನ್ನಪ್ಪನೇ! ಇನ್ಮೇಲೆ ದಪ್ಪ ಜಡೆ ಕಂಡರೆ ಮೊದಲು ಎಳೆದು ನೋಡಬೇಕು ಕಣೋ!"

"ಆಗಲಮ್ಮ."

ಬೀಗರು ತಾಂಬೂಲ ಬದಲಿಸಲು ಬಂದರು. ಆರತಿ ಎತ್ತಲು ಪಕ್ಕದ ಮನೆ ಪುಟ್ಟಗೌರಮ್ಮ ಬಂದಳು. ಬೀದಿಯೇ ಹೊಟ್ಟೆ ಉರಿದುಕೊಳ್ಳುವಂಥ ಜಡೆ ಅವಳದು, ತೋಳು ದಪ್ಪ. ಗವಿಯಪ್ಪ ಹಿಂದಿನಿಂದ ಬಂದ, ಹಿಡಿದ, ಎಳೆದ. ಇಡೀ ಚೌರಿ ಕೈಗೆ ಬಂತು! ಉಳಿದದ್ದು ಇಲಿಬಾಲ. ಅವನು ಚೌರಿ ಒದರಿ ಒದರಿ ನೋಡಿ, "ಅಮ್ಮಾ, ಇದರಲ್ಲಿ ಏನೂ ಇಲ್ಲ!" ಅಂದ.

ಬೀಗಿತ್ತಿಯ ಕೈ ಮೆಲ್ಲಗೆ ತನ್ನ ತುರುಬಿಗೆ ಹೋಯಿತು. "ಒಂದು ಜೊತೆ ಬಳೆ ಸಾಕು ಬಿಡಿ," ಅಂದಳು, "ಆ ಹುಡುಗನ್ನ ಮಾತ್ರ ಅಲ್ಲೇ ಹಿಡಕೊಳ್ಳಿ!"

ಪುಟ್ಟಗೌರಮ್ಮ ಚೌರಿ ಕಿತ್ತುಕೊಂಡು, ಚೆನ್ನಾಜಮ್ಮನ ಮುಖಕ್ಕೇ ಅಂದಳು: "ನಿನ್ನ ಮಗನಿಗಿಂತ ಆ ಕಳ್ಳಸ್ವಾಮೀನೇ ವಾಸಿ ಕಣೆ! ಅವನು ಕೇಳಿ ತಗೊಂಡ!"