ಹೆಬ್ಬೆಟ್ಟಿನ ಮಸಿ

ಚನ್ನಬಸನಗೌಡ ತಂಗಿ ನೀಲವ್ವನನ್ನು ಹುಚ್ಚರ ಆಸ್ಪತ್ರೆಗೆ ಎಳೆದು ತಂದು, "ಒಳಗ ಹಾಕ್ರಿ!" ಅಂತ ಗುಡುಗಿದ.

ಆಯಾ ದುರ್ಗವ್ವ ನೀಲವ್ವನ ಕೈ ಹಿಡಿದಳು. ಹೆಬ್ಬೆಟ್ಟಿನ ಮಸಿ ಇನ್ನೂ ಹೋಗಿರಲಿಲ್ಲ.

"ಕಾಯ್ದೆ ಐತ್ರಿ, ಗೌಡ್ರ. ಮೊದಲು ಆಕೀನ್ನ ಕೇಳಬೇಕು."

"ಹುಚ್ಚೀನ್ನ ಏನ್ ಕೇಳೂದು? ಎಂಟು ವರ್ಷದಿಂದ ತಲಿ ಕೆಟ್ಟೈತಿ!"

"ಹಂಗಾದ್ರ ಮೊನ್ನೆ ಯಾವ ಕಾಗದಕ್ಕ ಹೆಬ್ಬೆಟ್ಟು ಒತ್ತಿಸ್ಕೊಂಡ್ರಿ? ಅದು ಕೋರ್ಟಿನಾಗ ನಿಲ್ಲತೈತೇನ್ರಿ?"

ಗೌಡನ ದನಿ ಇಳಿಯಿತು. ತಂಗಿಯ ಪಾಲಿನ ಹೊಲವೆಲ್ಲ ಆ ಕಾಗದದಲ್ಲಿತ್ತು.

"ಛೇ, ಆಕಿಗೇನಾಗೇತಿ? ಶ್ಯಾಣ್ಯಾಕಿ!"

"ಹಂಗಂತ ಬರೆದು ಸಹಿ ಮಾಡ್ರಿ."

ಮಾಡಿದ. ನೀಲವ್ವ ಚೀಟಿಯನ್ನು ಮಡಚಿ ಕುಪ್ಪಸದೊಳಗಿಟ್ಟುಕೊಂಡಳು.

"ಮನಿ ಕೋಲ್ಯಾಗ ಮತ್ತ ಕೂಡಿ ಹಾಕಾಕ ಬಂದ್ರ ಇದನ್ನ ತೋರಸ್ತೀನವ್ವಾ," ಅಂದಳು. "ಆದ್ರ ನಮ್ಮ ಮನ್ಯಾಗ ಓದಾಕ ಬರೂದು ಅಣ್ಣಗೊಬ್ಬಗ."